ಹಳೆಯ ತೊಲೆಯ ಋಣ

ಒಂದು ಮನೆಯ ಮರವನ್ನು ಇನ್ನೊಂದು ಮನೆಗೆ ಬಳಸಬಾರದು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಬಿದ್ದ ಮನೆಯ ದುಃಖ ಅದರ ತೊಲೆಗಳಿಗೆ ಅಂಟಿಕೊಂಡಿರುತ್ತದಂತೆ. ಮೂಢನಂಬಿಕೆ ಎಂದು ನಕ್ಕುಬಿಡುವುದು ಸುಲಭ. ಆದರೆ ಹರಿಹರದಲ್ಲಿ ಒಂದು ಪುಟ್ಟ ಮನೆಯನ್ನು ಆದಷ್ಟೂ ಹಳೆಯ ಸಾಮಾನಿನಿಂದಲೇ ಕಟ್ಟಿಸಲು ಹೊರಟಾಗ, ಆ ಮಾತಿನೊಳಗೆ ನ್ಯಾಯವಾದ ಪ್ರಶ್ನೆಯೊಂದು ಅಡಗಿದೆ ಎನ್ನಿಸಿತು.

ಸಾಮಾನಿಗೇನೂ ಬರವಿಲ್ಲ. ಪಕ್ಕದ ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಗಿರಣಿಗಳು ಮುಚ್ಚಿದವು, ಅವುಗಳನ್ನು ನಂಬಿದ್ದ ಸಂಸಾರಗಳು ಚದುರಿದವು. ಹಳೆಯ ಪೇಟೆಯಲ್ಲಿ ಅಣ್ಣತಮ್ಮಂದಿರು ಪಾಲಾದರೆ ಮನೆಯೂ ಇಳಿಯುತ್ತದೆ. ತೇಗದ ತೊಲೆ, ಮಂಗಳೂರು ಹಂಚು, ಕಿಟಕಿಯ ಸರಳು, ಹಾಸುಗಲ್ಲು, ಎಲ್ಲವೂ ಮಾರಾಟಕ್ಕೆ ಬರುತ್ತವೆ. ಕೊಂಡವನಿಗೆ ಕಾಡಿನ ಮರ ಉಳಿಸಿದ ಸಮಾಧಾನ, ಜೊತೆಗೆ ಕೈಯ ಕಾಸೂ ಉಳಿತಾಯ. ಪುಣ್ಯ ಇಷ್ಟು ಅಗ್ಗವಾಗಿ ಸಿಕ್ಕಾಗ ಸ್ವಲ್ಪ ಅನುಮಾನ ಪಡುವುದು ಒಳ್ಳೆಯದು.

ಆ ಅಗ್ಗ ಬಂದದ್ದು ಯಾರ ಕಷ್ಟದಿಂದ? ಸಾಲ ತೀರಿಸಲು ಮಾರುವವನ ಹತ್ತಿರ ಚೌಕಾಸಿ ಮಾಡಿದರೆ ಅದು ಮಿತವ್ಯಯವೇ? ಇನ್ನೂ ಒಂದು ಮಾತಿದೆ. ಹಳೆಯ ಕಂಬಕ್ಕೆ ಬೆಲೆ ಬಂದಿತೆಂದು ಗೊತ್ತಾದರೆ ಗಟ್ಟಿಯಾಗಿ ನಿಂತ ಮನೆಯೂ ಕಂಬಕ್ಕಾಗಿ ಬೀಳುತ್ತದೆ. ಉಳಿಸುತ್ತೇನೆಂದು ಹೋದವನೇ ಕೆಡವಿಸಿದಂತಾಯಿತು.

ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕಿನ ನೌಕರಿಯಲ್ಲಿದ್ದವರು. ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲುಗಳನ್ನು ಹುಡುಕಿ ತಂದು ತಮ್ಮ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿಕೊಂಡರು, ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ಅವರ ಕೆಲಸದಿಂದ ನಾನು ಕಲಿತ ನೀತಿ ಇಷ್ಟೆ: ಬೀಳುವುದು ಖಚಿತವಾದದ್ದನ್ನು ಎತ್ತಿಕೊಳ್ಳಬಹುದು, ನಿಂತದ್ದಕ್ಕೆ ಬೆಲೆ ಕಟ್ಟಬಾರದು.

ತಂದಮೇಲೆ ಹೇಗೆ ಕಟ್ಟಬೇಕೆಂಬುದು ಎರಡನೆಯ ಪ್ರಶ್ನೆ. ಅದನ್ನು ಎತ್ತಿದವರು ನಮ್ಮ ಮೇಸ್ತ್ರಿ. ಹಳೆಯ ಇಟ್ಟಿಗೆಯನ್ನು ಕೆರೆದು ಸ್ವಚ್ಛ ಮಾಡುತ್ತ, “ಯಜಮಾನ್ರೆ, ಇದು ಸುಣ್ಣದ ಗಾರೆ ಗ್ವಾಡಿದು, ಅದಕ್ಕೇ ಇಡಿಯಾಗಿ ಬಂತು. ಸಿಮೆಂಟಿಂದಾಗಿದ್ರೆ ಚೂರಾಗ್ತಿತ್ತು” ಎಂದರು. ನಿಜವೇ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ಒಡೆಯುವಾಗ ಗಾರೆ ಉದುರಿ ಇಟ್ಟಿಗೆ ಉಳಿಯುತ್ತದೆ. ಸಿಮೆಂಟಿನ ಹಿಡಿತ ಹಾಗಲ್ಲ. ಯಾರೋ ಬಿಟ್ಟುಕೊಡುವಂತೆ ಕಟ್ಟಿದ್ದರಿಂದ ನನಗೆ ಇಟ್ಟಿಗೆ ಸಿಕ್ಕಿತು. ಅದನ್ನೇ ನಾನು ಸಿಮೆಂಟಿನಲ್ಲಿ ಹೂತರೆ ಆ ಪಂಕ್ತಿಯ ಕೊನೆಯ ಊಟ ನನ್ನದಾಗುತ್ತದೆ.

ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ. ಕೂಲಿಯ ದಿನಗಳು ಹೆಚ್ಚುತ್ತವೆ, ಮಳೆಗಾಲ ಎದುರಿಗಿರುತ್ತದೆ. “ಅಪ್ಪಾಜಿ, ಬೀಳಿಸೋ ದಿನದ ಲೆಕ್ಕ ಹಾಕಿ ಯಾರಾದ್ರೂ ಮನೆ ಕಟ್ತಾರಾ?” ಎಂದು ಮಗ ಕೇಳಿದ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿ ನಮ್ಮೂರಲ್ಲೇ ನಿಂತಿದೆ. ಅದು ದೇವರ ಮನೆ. ಮನುಷ್ಯರ ಮನೆ ಮೂರು ತಲೆಮಾರು ಬಾಳಿದರೆ ದೊಡ್ಡದು. ಆಮೇಲೆ ಬಿಚ್ಚುವವನ ಕೈಗೆ ಏನು ಸಿಗಬೇಕೆಂದು ಯೋಚಿಸುವುದು ಅಪಶಕುನವಲ್ಲ ಎಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಮರುದಿನ ಸುಣ್ಣ ತರಲು ಅವನೇ ಹೋದ.

ತೊಲೆಗೆ ದುಃಖ ಅಂಟುತ್ತದೆಯೋ ಇಲ್ಲವೋ, ಋಣವಂತೂ ಅಂಟುತ್ತದೆ. ಅದನ್ನು ಕಡಿದವರಿಗೆ, ಹೊತ್ತವರಿಗೆ, ಅದರ ಕೆಳಗೆ ಬಾಳಿದವರಿಗೆ ನಾವು ತೀರಿಸಲಾರೆವು. ಮುಂದೆ ಬರುವವರಿಗೆ ಅದನ್ನು ಇಡಿಯಾಗಿ ದಾಟಿಸಬಹುದು.