ವಿಷವಿಲ್ಲದವನ ವೇಷ



ದಕ್ಷಿಣ ಅಮೆರಿಕದ ಈಕ್ವೆಡಾರ್ ಕಾಡಿನಲ್ಲಿ ವಿಷವಿಲ್ಲದ ಕಪ್ಪೆಯೊಂದು ವಿಷಗಪ್ಪೆಯ ಬಣ್ಣ ತೊಟ್ಟು ಹಕ್ಕಿಗಳ ಬಾಯಿಂದ ಪಾರಾಗುತ್ತದೆ. ಗೋವೆಯ ಸಡಾ ಗುಡ್ಡದಲ್ಲಿ, ಮುರಗಾಂವ ಬಂದರಿನ ಬಳಿ ನೆಲೆಸಿದ ನಮ್ಮ ಭಕ್ತರಿಗೆ ಇಂಥದೇ ನೆರೆಯವನೊಬ್ಬನಿದ್ದಾನೆ: ತೋಳಹಾವು. ರಾತ್ರಿ ಹಲ್ಲಿ ಹಿಡಿಯಲು ಗೋಡೆ ಏರುವ ಇದರಿಂದ ಮನುಷ್ಯನ ಜೀವಕ್ಕೆ ಅಪಾಯವಿಲ್ಲ. ಮೈಮೇಲಿನ ಬಿಳಿ ಪಟ್ಟೆ ಮಾತ್ರ ಘೋರ ವಿಷದ ಕಟ್ಟುಹಾವಿನಂತೆ. ಆ ವೇಷ ವೈರಿಗಳಿಂದ ಕಾಯುತ್ತದೆ, ನಮ್ಮ ಬಡಿಗೆಯಿಂದ ಕಾಯುವುದಿಲ್ಲ. ಒಳಗೆ ವಿಷವಿಟ್ಟು ಹಣೆಗೆ ವಿಭೂತಿ ಹಚ್ಚಿ ಬಂದವನಿಗೆ ಅಂಗಡಿಯಲ್ಲಿ ಗಾದಿ ಹಾಸುವವರೂ ನಾವೇ!

ಪಟ್ಟೆ ಕುತ್ತಿಗೆಯ ಹತ್ತಿರವೇ ಶುರುವಾಗಿ ಬಾಲದ ಕಡೆ ಮಾಸಿದ್ದರೆ ಸಾಮಾನ್ಯವಾಗಿ ತೋಳಹಾವು. ಬಾಲದವರೆಗೂ ಸ್ಪಷ್ಟವಿದ್ದರೆ ಕಟ್ಟುಹಾವು. ಆದರೆ ಕತ್ತಲಲ್ಲಿ ಈ ಪರೀಕ್ಷೆಗೆ ಇಳಿಯಬೇಡಿರಿ. ದಯೆ ಎಂದರೆ ಕೈಯಲ್ಲಿ ಹಿಡಿಯುವುದಲ್ಲ. ದೂರ ನಿಂತು, ಹಿಡಿಯಬಲ್ಲವರನ್ನು ಕರೆಯಿರಿ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ನೆಲದ ಮೇಲೆ ಮಲಗಿದವರಿಗೆ ತಿಳಿಯುವುದೂ ಇಲ್ಲ. ಸಂಶಯ ಬಂದರೂ ಸಾಕು, ಮಂತ್ರ, ಬೇರು, ಮಠದ ಭಸ್ಮವೆಂದು ಕಾಯದೆ ಆಸ್ಪತ್ರೆಗೆ ಹೋಗಿರಿ. ಪ್ರತಿವಿಷದ ಚುಚ್ಚುಮದ್ದು ಅಲ್ಲಿದೆ. ಮಂಚವಿಲ್ಲದ ಮನೆಯವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿರಿ.