ಕಬ್ಬಿಣ ಒಪ್ಪುವ ತನಕ

ಸೆಕೆಂಡಿಗೆ ನೂರು ಸಲ ನಿಂತು, ನೂರು ಸಲ ಮತ್ತೆ ಹೊರಡುವ ವಸ್ತುವೊಂದು ಅಂಗೈಯಲ್ಲಿ ಸುಮ್ಮನೆ ಕೂತಿದೆ. ಎಂಜಿನ್ನಿನ ಪಿಸ್ಟನ್. 74 ಮಿಲಿಮೀಟರ್ ಅಗಲ, ಕೈಗೆ ಹಗುರ. ತಲೆಯ ಮೇಲೆ ಮಸಿ ಕಟ್ಟಿದೆ. ಡೀಸೆಲ್ಲಿನಲ್ಲಿ ಅದ್ದಿದ ಚಿಂದಿ ತೊಗೊಂಡು ಒರೆಸಿದರೆ ಮಸಿಯ ಅಡಿಯಿಂದ ಸಣ್ಣದೊಂದು ಬಾಣದ ಗುರುತು ಕಾಣಿಸುತ್ತದೆ. ಜೋಡಿಸುವಾಗ ಆ ಬಾಣ ಎಂಜಿನ್ನಿನ ಮುಂಭಾಗಕ್ಕೆ ಮುಖ ಮಾಡಿರಬೇಕು. ಅದನ್ನು ಮಾಡಿದವರಿಗೆ ಮುಂದೆಂದೋ ಯಾರೋ ಇದನ್ನು ಬಿಚ್ಚುತ್ತಾರೆ ಎಂಬುದು ಗೊತ್ತಿತ್ತು. ಯಾರು, ಯಾವ ಊರಲ್ಲಿ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಗುರುತು ಪರಿಚಯವಿಲ್ಲದ ಆ ಮನುಷ್ಯನಿಗಾಗಿ ಒಂದು ಸೂಚನೆ ಕೆತ್ತಿಟ್ಟು ಹೋಗಿದ್ದಾರೆ.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತಾಯಿತು. ಒಂದೊಂದು ಸುತ್ತಿನಲ್ಲೂ ಪಿಸ್ಟನ್ ಮೇಲೊಮ್ಮೆ, ಕೆಳಗೊಮ್ಮೆ ಪೂರ್ತಿ ನಿಲ್ಲಲೇಬೇಕು, ನಿಂತು ತಿರುಗಲೇಬೇಕು. ಅಷ್ಟರಲ್ಲಿ ಅದರ ನೆತ್ತಿಯ ಮೇಲೆ ಸೆಕೆಂಡಿಗೆ 25 ಸಲ ಬೆಂಕಿ ಹತ್ತಿ ಆರುತ್ತದೆ. ಆ ಬೆಂಕಿಯ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹಾಗಿದ್ದೂ ಕರಗುವುದಿಲ್ಲ! ಬೆಂಕಿ ಇರುವುದು ಸೆಕೆಂಡಿನ ಸಾವಿರದ ಕೆಲವೇ ಪಾಲು ಹೊತ್ತು. ಅದರ ಬೆನ್ನಿಗೇ ತಣ್ಣನೆಯ ಗಾಳಿ, ಪೆಟ್ರೋಲು ಒಳಗೆ ಬರುತ್ತವೆ. ಉಳಿದ ಬಿಸಿಯನ್ನು ರಿಂಗುಗಳು ಬೋರಿನ ಗೋಡೆಗೆ ದಾಟಿಸುತ್ತವೆ, ಗೋಡೆ ಸುತ್ತಲಿನ ನೀರಿಗೆ ಕೊಡುತ್ತದೆ, ಕೆಳಗಿನಿಂದ ಎಣ್ಣೆ ಒಂದಷ್ಟನ್ನು ಹೊತ್ತೊಯ್ಯುತ್ತದೆ. ಕರಗಬೇಕಾದದ್ದು ಕರಗದೇ ಉಳಿಯುವ ಈ ಏರ್ಪಾಡಿನ ಹಿಂದೆ ಕೂತು ನಾವು ಸಂತೆಗೆ, ಜಾತ್ರೆಗೆ, ಆಸ್ಪತ್ರೆಗೆ ಹೋಗಿಬರುತ್ತೇವೆ.

ಓಡುವ ಗಾಡಿ ಇದನ್ನೆಲ್ಲ ತೋರಿಸುವುದಿಲ್ಲ. ವರ್ಷಗಟ್ಟಲೆ ಬಿಚ್ಚಿಕೊಂಡು ನಿಂತ ಗಾಡಿ ತೋರಿಸುತ್ತದೆ. ಅಂಥದೊಂದು ಯಲಬುರ್ಗಾ ತಾಲೂಕಿನ ಎರಿಭೂಮಿಯ ಊರೊಂದರಲ್ಲಿ, ನನ್ನ ಸೋದರಮಾವನ ಮಗನ ಹಿತ್ತಲಲ್ಲಿ, ಪತ್ರಾಸಿನ ಚಪ್ಪರದ ಕೆಳಗಿದೆ. ಹಳೆಯ ಮಾರುತಿ ಜಿಪ್ಸಿ. ಹುಟ್ಟಿನಿಂದ ಬಂದ ಎಂಜಿನ್ ತೆಗೆದು ಇನ್ನೊಂದು ಎಂಜಿನ್ ಕೂರಿಸುವ ಕೆಲಸ ಅಲ್ಲಿ ನಡೆದಿದೆ. ಅವನು ಒಕ್ಕಲುತನದವನು. ಮುಂಗಾರಿ ಬಿತ್ತಿಗೆ ಬಂದರೆ ಎಂಜಿನ್ನಿಗೆ ಗೋಣಿಚೀಲ ಮುಚ್ಚುತ್ತಾನೆ, ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ತೆಗೆಯುತ್ತಾನೆ. ರೊಕ್ಕ ಕೂಡಿದಾಗ ಹುಬ್ಬಳ್ಳಿಯಿಂದ ಒಂದು ಸಾಮಾನು ಬರುತ್ತದೆ. ಮಗಳ ಶಾಲೆಯ ಫೀ ಬಂದರೆ ಸಾಮಾನು ಮುಂದಕ್ಕೆ ಹೋಗುತ್ತದೆ. ಅವಸರವಿಲ್ಲದ ಈ ಕೆಲಸದಿಂದಲೇ ನಾನು ನೋಡಬೇಕಾದದ್ದನ್ನೆಲ್ಲ ನೋಡಿದೆ.

ಜಿಪ್ಸಿ ನಮ್ಮ ರಸ್ತೆಗೆ ಬಂದದ್ದು 1985ರಲ್ಲಿ. ಸುಜುಕಿಯ ಎಸ್‌ಜೆ410 ಎಂಬ ಗಾಡಿಯ ಭಾರತದ ರೂಪ ಅದು. ಎಂಜಿನ್ 970 ಸಿಸಿ, ನಾಲ್ಕು ಸಿಲಿಂಡರ್, ಗೇರು ನಾಲ್ಕು. ಸೈನ್ಯಕ್ಕೂ ಪೊಲೀಸರಿಗೂ ಮೆಚ್ಚಾದ ಗಾಡಿ. ಏರು ಹತ್ತಿಸುವಾಗ ಮಾತ್ರ ಆ ಸಣ್ಣ ಎಂಜಿನ್ ಏದುಸಿರು ಬಿಡುತ್ತಿತ್ತು. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂದಾಗ ಹಳೆಯ ಜಿಪ್ಸಿ ಇದ್ದವರೆಲ್ಲ ಅದರ ಎಂಜಿನ್ ಮೇಲೆ ಕಣ್ಣಿಟ್ಟರು. ನನ್ನ ಮಾವನ ಮಗನಿಗೆ ಗುಜರಿಯಲ್ಲಿ ಸಿಕ್ಕದ್ದು ಅದೇ ಅಳತೆಯ, ಆದರೆ ಎಸ್ಟೀಮ್ ಕಾರಿನ ಎಂಜಿನ್. ವಂಶ ಒಂದೇ. ಕೂರುವ ರೀತಿ ಬೇರೆ. ಎಸ್ಟೀಮಿನಲ್ಲಿ ಎಂಜಿನ್ ಅಡ್ಡ ಕೂತು ಮುಂದಿನ ಗಾಲಿ ತಿರುಗಿಸುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ ಕೂರಬೇಕು.

ಅಲ್ಲಿಂದ ತಕರಾರು ಶುರು. ಚೈನ್ ಪುಲ್ಲಿಗೆ ನೇತುಹಾಕಿ ಮೆಲ್ಲಗೆ ಇಳಿಸಿದರೆ ಎಣ್ಣೆ ಚೇಂಬರ್ ಮುಂದಿನ ಆಕ್ಸಲ್ಲಿಗೆ ಕೂತಿತು. ಚೇಂಬರ್ ಬದಲಿಸಬೇಕು. ಫೌಂಡೇಶನ್ ರಬ್ಬರುಗಳ ತೂತು ಚಾಸಿಯ ತೂತಿಗೆ ಹೊಂದಲಿಲ್ಲ. ಹಳೆಯ ನಾಲ್ಕು ಗೇರಿನ ಬಾಕ್ಸು ಹೊಸ ಎಂಜಿನ್ನಿನ ಬೆನ್ನಿಗೆ ಕೂಡುವುದೇ ಇಲ್ಲ. ಐದು ಗೇರಿನದು ತಂದರೆ ಅದರ ಉದ್ದ ಬೇರೆ, ಹಾಗಾಗಿ ಗೇರ್ ಬಾಕ್ಸಿಗೂ ಹಿಂದಿನ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಗಿಡ್ಡ ಶಾಫ್ಟು ಕೊಯ್ದು ಬೆಸೆಯಬೇಕು. "ಅಣ್ಣಾ, ಇದು ಒಂದು ಒಪ್ಪಿದ್ರ ಇನ್ನೊಂದು ಒಪ್ಪೂದಿಲ್ಲ ನೋಡು" ಅನ್ನುತ್ತಾನೆ ಅವನು. ಅವನ ಮುಖದಲ್ಲಿ ಬೇಸರ ಕಾಣುವುದಿಲ್ಲ. ಒಪ್ಪಿಸುವುದೇ ಅವನಿಗೆ ಸುಖ.

ಜಿಪ್ಸಿಯ ವಂಶಾವಳಿ ತೆಗೆದರೆ ಬೇರಿನಲ್ಲೇ ಒಂದು ಎಂಜಿನ್ ಬದಲಾವಣೆ ಇದೆ. ಹೋಪ್ ಮೋಟಾರ್ ಎಂಬ ಜಪಾನಿನ ಪುಟ್ಟ ಕಂಪನಿ ಓಎನ್360 ಎಂಬ ನಾಲ್ಕು ಗಾಲಿ ಎಳೆತದ ಗಿಡ್ಡ ಗಾಡಿ ಮಾಡಿತ್ತು. ಅದಕ್ಕೆ ಮಿತ್ಸುಬಿಷಿಯ 359 ಸಿಸಿ ಎಂಜಿನ್. 1968ರಲ್ಲಿ ಸುಜುಕಿ ಆ ಗಾಡಿಯ ಹಕ್ಕು ಕೊಂಡು, ಮಿತ್ಸುಬಿಷಿ ಎಂಜಿನ್ ತೆಗೆದು, ತನ್ನದೇ ಟೂ ಸ್ಟ್ರೋಕ್ ಎಂಜಿನ್ ಕೂರಿಸಿತು. 1970ರಲ್ಲಿ ಅದೇ ಜಿಮ್ನಿಯಾಗಿ ಹೊರಬಂತು. ಅಲ್ಲಿನ ಕಾನೂನಿನಂತೆ ಸಣ್ಣ ಕಾರಿನ ಉದ್ದ ಮೂರು ಮೀಟರ್ ದಾಟಬಾರದಿತ್ತು, ಹಾಗೆಂದು ಸ್ಟೆಪ್ನಿಯನ್ನು ಹಿಂದೆ ತೂಗುಹಾಕದೆ ಒಳಗೇ ಇಟ್ಟರು, ಒಬ್ಬರು ಕೂರುವ ಜಾಗ ಹೋಯಿತು. ಜಿಮ್ನಿಯ ಮೊಮ್ಮಗ ಅನ್ನಬಹುದಾದ ಗಾಡಿ ಈಗ ಯಲಬುರ್ಗಾದ ಹಿತ್ತಲಲ್ಲಿ ಮತ್ತೆ ಎಂಜಿನ್ ಬದಲಿಸಿಕೊಳ್ಳುತ್ತಿದೆ. ಹಮಾಮತ್ಸುವಿನ ಸುಜುಕಿ ಕಾರ್ಖಾನೆಯ ಎಂಜಿನಿಯರರಿಗೂ ಆಗ ಹೀಗೇ ಚೇಂಬರ್ ತಾಗಿರಬೇಕು, ತೂತು ಹೊಂದದೇ ಹೋಗಿರಬೇಕು ಅಂದುಕೊಂಡರೆ ಈ ಹಿತ್ತಲಿಗೂ ಆ ಕಾರ್ಖಾನೆಗೂ ದೂರ ಕಡಿಮೆಯಾಗುತ್ತದೆ.

ಇನ್ನೂ ಹಿಂದೆ ಹೋದರೆ ಸುಜುಕಿ ಶುರುವಾದದ್ದು ಮಗ್ಗದಿಂದ. 1909ರಲ್ಲಿ ಮಿಚಿಯೊ ಸುಜುಕಿ ಹಮಾಮತ್ಸುವಿನಲ್ಲಿ ಮಗ್ಗ ತಯಾರಿಸುವ ಕಾರ್ಖಾನೆ ಹಾಕಿದರು. ಕಾರು ಬಂದದ್ದು 1955ರಲ್ಲಿ. ಟೊಯೋಟದ ಬೇರೂ ಮಗ್ಗದಲ್ಲೇ ಇದೆ. ಕುಷ್ಟಗಿ ಸೀಮೆಯಲ್ಲಿ ಇಳಕಲ್ ಸೀರೆಯ ಮಗ್ಗಗಳನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಒಂದು ಎಳೆ ತಪ್ಪಿದರೂ ಸೆರಗು ಕೂಡುವಲ್ಲಿ ಕಣ್ಣಿಗೆ ಹೊಡೆಯುತ್ತದೆ. ನನ್ನ ಮಾವನ ಮಗ ಗೇರ್ ಬಾಕ್ಸನ್ನು ಎಂಜಿನ್ನಿನ ಬೆನ್ನಿಗೆ ಸರಿಸುತ್ತ, ಒಳಗಿನ ಶಾಫ್ಟಿನ ಹಲ್ಲುಗಳು ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಸರಿಯಾಗಿ ಜಾರುವ ತನಕ ಫ್ಲೈವೀಲನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸುವಾಗ, ಕೊಂಡಿ ಹಾಕುವ ಹೆಣ್ಣುಮಗಳ ಬೆರಳುಗಳೇ ನನ್ನ ಕಣ್ಣ ಮುಂದೆ ಬರುತ್ತವೆ.

ಬೋರ್ ಕೆಲಸ ಮಾತ್ರ ಗಂಗಾವತಿಗೆ ಹೋಯಿತು. ಭತ್ತದ ನಾಡು ಅದು. ಟ್ರ್ಯಾಕ್ಟರು, ಹಾರ್ವೆಸ್ಟರು, ರೈಸ್ ಮಿಲ್ಲುಗಳ ದಯೆಯಿಂದ ಅಲ್ಲಿನ ಲೇತ್ ಅಂಗಡಿಗಳಿಗೆ ಕೈತುಂಬ ಕೆಲಸ. ಉಸ್ತಾದರು ಸವೆದ ಬೋರನ್ನು ಅರ್ಧ ಮಿಲಿಮೀಟರ್ ದೊಡ್ಡದು ಮಾಡಿ, ಕೊನೆಗೆ ಹೋನಿಂಗ್ ಹಿಡಿದರು. ಟಾರ್ಚ್ ಬಿಟ್ಟು ಒಳಗೆ ನೋಡಲು ಹೇಳಿದರು. ಗೋಡೆ ಕನ್ನಡಿಯಂತೆ ನುಣುಪಾಗಿರುತ್ತದೆ ಎಂದು ನಾನು ಬಗೆದಿದ್ದೆ. ಅಲ್ಲಿ ಒಂದರ ಮೇಲೊಂದು ಅಡ್ಡಹಾಯ್ದ ಸಣ್ಣ ಗೀರುಗಳು, ಒಂದೂ ತಪ್ಪದ ಓರೆಯಲ್ಲಿ. ಬೇಕೆಂದೇ ಗೀರಿದ್ದು. ಆ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಪೂರಾ ನುಣುಪು ಮಾಡಿದರೆ ಎಣ್ಣೆ ನಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಸಂದು ಮಿಲಿಮೀಟರಿನ ನೂರರ ಕೆಲವು ಪಾಲು, ನಮ್ಮ ತಲೆಗೂದಲಿಗಿಂತ ಸಣ್ಣದು. ಉಸ್ತಾದರು ಅಳತೆಯ ಗೇಜು ಹಾಕುವ ಮೊದಲೇ ಬೆರಳು ಆಡಿಸಿ ಸಾಕೋ ಬೇಕೋ ಹೇಳುತ್ತಾರೆ, ಆಮೇಲೆ ಗೇಜು ಅದನ್ನೇ ಹೇಳುತ್ತದೆ. ಇದೇ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ದೇಗುಲ ಇದೆ. ತಿರುಗಣೆಗೆ ಹಾಕಿ ಕಡೆದಂಥ ಆ ಕಂಬಗಳ ಮೇಲೆ ಅಂಗೈ ಸವರಿದವರಿಗೆ ಈ ಬೆರಳ ವಿದ್ಯೆ ಹೊಸದು ಅನ್ನಿಸಲಾರದು.

ನನ್ನನ್ನು ಬಹಳ ದಿನ ಬಿಡದೆ ಕಾಡಿದ್ದು ಕಬ್ಬಿಣದ ಎಂಜಿನ್ ಬ್ಲಾಕುಗಳೊಳಗಿನ ನೀರಿನ ದಾರಿ. ಇಡೀ ಬ್ಲಾಕು ಒಂದೇ ಎರಕ. ಅದರ ಗೋಡೆಗಳ ನಡುವೆ ಸುತ್ತಿ ಬಳಸಿ ಹೋಗುವ ಪೊಳ್ಳು. ಡ್ರಿಲ್ ಹಾಕಿ ಕೊರೆಯಲಾಗದ ವಂಕಿ ದಾರಿ. ಹೇಗೆ ಮಾಡಿದರು? ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಕೊಪ್ಪಳ ತಾಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಅದಿರಿನಿಂದ ಬೀಡುಕಬ್ಬಿಣ ತೆಗೆಯುತ್ತದೆ, ಎಂಜಿನ್ ಬ್ಲಾಕು, ಹೆಡ್ಡುಗಳ ಎರಕವನ್ನೂ ಹೊಯ್ಯುತ್ತದೆ. ನೀರು ಹರಿಯಬೇಕಾದ ಪೊಳ್ಳಿನ ಆಕಾರವನ್ನು ಮೊದಲು ಮರಳಿನಲ್ಲಿ ಅಚ್ಚು ಮಾಡಿ, ಅಂಟು ಬೆರೆಸಿ ಗಟ್ಟಿಗೊಳಿಸುತ್ತಾರೆ. ಅದನ್ನು ದೊಡ್ಡ ಅಚ್ಚಿನೊಳಗಿಟ್ಟು ಸುತ್ತಲೂ ಕಾದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರಿ ಗಟ್ಟಿಯಾಗುವ ಹೊತ್ತಿಗೆ ಆ ಬಿಸಿಗೆ ಅಂಟು ಸುಟ್ಟುಹೋಗಿ ಮರಳು ಸಡಿಲಾಗಿರುತ್ತದೆ. ಜಾಡಿಸಿದರೆ ಉದುರಿ ಹೊರಬರುತ್ತದೆ, ದಾರಿ ಉಳಿಯುತ್ತದೆ. ಮರಳು ಇದ್ದ ಜಾಗದಲ್ಲಿ ಮುಂದೆ ಎಂಜಿನ್ ಬದುಕಿರುವ ತನಕ ನೀರು ಹರಿಯುತ್ತದೆ.

ಇಲ್ಲಿನ ಕಬ್ಬಿಣದ ಕಥೆ ಇನ್ನೂ ಹಳೆಯದು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿಗಳು ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಆ ನೆಲೆಯಲ್ಲಿ ಕಬ್ಬಿಣದ ಕಿಟ್ಟವೂ ಸಿಕ್ಕಿದೆ. ಇದ್ದಿಲು ಮತ್ತು ತಿದಿಯ ಗಾಳಿಯಿಂದ ಅದಿರನ್ನು ಕಬ್ಬಿಣ ಮಾಡಲು ಕಲಿತ ಜನ. ಅವರ ಕುಲುಮೆಯಲ್ಲಿ ಕಬ್ಬಿಣ ನೀರಾಗಿ ಹರಿಯುತ್ತಿರಲಿಲ್ಲ, ಮೆತ್ತನೆಯ ಮುದ್ದೆಯಾಗಿ ಕೂರುತ್ತಿತ್ತು, ಬಡಿದು ಬಡಿದು ಕಿಟ್ಟ ಬಿಡಿಸಬೇಕಿತ್ತು. ಆ ಗುಡ್ಡಕ್ಕೂ ಬೇವಿನಹಳ್ಳಿಗೂ ಒಂದೇ ದಿನ ಹೋಗಿಬರಬಹುದು. ಬಡಿದ ಮುದ್ದೆಯಿಂದ ನೀರಿನ ದಾರಿಯುಳ್ಳ ಎಂಜಿನ್ ಬ್ಲಾಕಿನವರೆಗಿನ ಇಡೀ ಕಥೆ ನಮ್ಮ ಒಂದೇ ಜಿಲ್ಲೆಯ ಗಡಿಯೊಳಗೆ ಸಿಗುತ್ತದೆ ಎಂಬುದು ನನಗೆ ದೊಡ್ಡ ಸಂಗತಿ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ದೂರದ ಊರುಗಳಿಗೆ ಕರೆದೊಯ್ಯುವವರು ಒಮ್ಮೆ ಹಿರೇಬೆಣಕಲ್ಲಿಗೂ ಹೋಗಬೇಕು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮೂಲರೂಪ ಬದಲಿಸುವುದಕ್ಕೆ ಕಟ್ಟುಪಾಡು ಹಾಕಿದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಯಾರಿಗಾದರೂ ಇಂಥ ಆಸೆ ಇದ್ದರೆ ಪಾನಾ ಹಿಡಿಯುವ ಮೊದಲು ಆರ್‌ಟಿಒ ಕಚೇರಿಯ ಒಪ್ಪಿಗೆ ಕೇಳಬೇಕು. ನನ್ನ ಮಾವನ ಮಗನ ಅರ್ಜಿಯೂ ಅಲ್ಲಿದೆ. ಒಪ್ಪಿಗೆ ಬರುವ ತನಕ ಗಾಡಿ ಹಿತ್ತಲು ಬಿಟ್ಟು ಹೊರಡುವುದಿಲ್ಲ ಎಂದು ಅವನೇ ಹೇಳಿದ್ದಾನೆ, ನನಗೂ ಅದು ಸರಿ ಕಾಣುತ್ತದೆ.

ಎಂಜಿನ್ ಮಾತ್ರ ಒಮ್ಮೆ ಮಾತಾಡಿದೆ. ರೇಡಿಯೇಟರ್ ಕೂರಿಸಿ, ಸೈಲೆನ್ಸರ್ ಇನ್ನೂ ಹಾಕದೆ, ಸೆಲ್ಫ್ ಹೊಡೆದ. ಎರಡು ಸಲ ಸುಮ್ಮನೆ ತಿರುಗಿತು. ಟೈಮಿಂಗ್ ಇಷ್ಟೇ ಇಷ್ಟು ಸರಿಸಿ ಮತ್ತೆ ಹೊಡೆದಾಗ ಹಿಡಿಯಿತು. ಓಣಿಯ ನಾಯಿಗಳೆಲ್ಲ ಎದ್ದವು, ನನ್ನ ಸೋದರತ್ತೆ ರೊಟ್ಟಿ ಬಡಿಯುವುದು ಬಿಟ್ಟು ಹಿತ್ತಲಿಗೆ ಬಂದರು. ಒಂದು ಎಂಜಿನ್ನಿನ ಚೇಂಬರು, ಇನ್ನೊಂದರ ಗೇರು, ಗಂಗಾವತಿಯಲ್ಲಿ ಗೀರಿದ ಬೋರು, ಯಾರೋ ಬಾಣ ಬರೆದು ಕೊಟ್ಟ ಪಿಸ್ಟನ್ನು: ಒಬ್ಬರನ್ನೊಬ್ಬರು ಕಂಡರಿಯದ ಇಷ್ಟು ಜನರ ಕೆಲಸ ಒಂದೇ ಲಯ ಹಿಡಿದು ಸ್ಲೋದಲ್ಲಿ ನಿಂತಿತು. ವರ್ಷಗಳ ಕೆಲಸಕ್ಕೆ ಆ ಒಂದು ಸದ್ದು ಸಾಕು ಎಂದು ನಾನು ನಂಬುತ್ತೇನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿಯ ಗ್ಯಾರೇಜುಗಳಲ್ಲಿ ಹೆಡ್ಡು ಬಿಚ್ಚಿದ ಎಂಜಿನ್ ಒಂದಾದರೂ ಇದ್ದೇ ಇರುತ್ತದೆ. ಬ್ಯಾಸಗಿ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಉಸ್ತಾದರ ಕೆಲಸಕ್ಕೆ ಅಡ್ಡಿಯಾಗದ ಹೊತ್ತು ನೋಡಿ ಕೇಳಿದರೆ ಅವರು ಖುಷಿಯಿಂದ ತೋರಿಸುತ್ತಾರೆ. ಬೋರಿನೊಳಗೆ ಟಾರ್ಚ್ ಬಿಟ್ಟು ಆ ಗೀರುಗಳನ್ನು ನೋಡಲಿ, ಬೆರಳು ಆಡಿಸಲಿ. ಮಕ್ಕಳ ಕೈಗೆ ಹತ್ತಿದ ಮಸಿ ಸೋಪು ಹಾಕಿ ತೊಳೆದರೆ ಹೋಗುತ್ತದೆ.