ಕಾಗದ ಮೊದಲೋ, ಮನುಷ್ಯ ಮೊದಲೋ?



2013ರ ಫೆಬ್ರವರಿ ತಿಂಗಳ ಎರಡನೆಯ ವಾರ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 11ರ ಸೋಮವಾರ ಜಗದ್ಗುರು 16ನೇ ಬೆನೆಡಿಕ್ಟರು ತಮ್ಮ ಪದವಿಯನ್ನು ಬಿಟ್ಟುಕೊಡುವುದಾಗಿ ಪ್ರಕಟಿಸಿದರು. 13ರಂದು ವಿಭೂತಿ ಬುಧವಾರ. ನಾವು ಹಣೆಗೆ ಬೂದಿ ಧರಿಸಿ ತಪಸ್ಸುಕಾಲವನ್ನು ಆರಂಭಿಸುತ್ತಿದ್ದ ಅದೇ ದಿನಗಳಲ್ಲಿ ಮೆಕ್ಸಿಕೊ ಕೊಲ್ಲಿಯ ನಡುನೀರಿನಲ್ಲಿ ಒಂದು ದೊಡ್ಡ ವಿಹಾರ ಹಡಗು ಕೆಟ್ಟು ನಿಂತು ತೇಲುತ್ತಿತ್ತು. ಅದರ ಹೆಸರು ಕಾರ್ನಿವಲ್ ಟ್ರಯಂಫ್.

ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಟು, ಮೆಕ್ಸಿಕೊ ದೇಶದ ಕೊಸುಮೆಲ್ ದ್ವೀಪವನ್ನು ನೋಡಿಕೊಂಡು, ನಾಲ್ಕು ದಿನಗಳಲ್ಲಿ ಅದೇ ಬಂದರಿಗೆ ಮರಳಬೇಕಾಗಿದ್ದ ಹಡಗು ಅದು. 10ರ ಭಾನುವಾರ ಬೆಳಗಿನ ಜಾವ ಎಂಜಿನ್ ಕೋಣೆಯಲ್ಲಿ ಬೆಂಕಿ ಹತ್ತಿತು. ಇಂಧನದ ಕೊಳವೆಯೊಂದರ ಸೋರಿಕೆಯೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಬೆಂಕಿ ಆರಿತು, ಆದರೆ ವಿದ್ಯುತ್ ಹೋಯಿತು. 3,143 ಪ್ರಯಾಣಿಕರು, 1,086 ಸಿಬ್ಬಂದಿ. ದೀಪವಿಲ್ಲ, ಶೌಚಾಲಯಗಳಲ್ಲಿ ಹೆಚ್ಚಿನವು ಕೆಲಸ ಮಾಡಲಿಲ್ಲ, ಹೊಲಸು ನೀರು ನೆಲಕ್ಕೆ ಹರಿಯಿತು, ಜನ ಸೆಕೆ ತಾಳಲಾರದೆ ಹಾಸಿಗೆಗಳನ್ನು ಹೊರಗೆ ಹಾಕಿ ಮಲಗಿದರು. ರಜೆಯ ಸುಖಕ್ಕೆಂದು ಹಣ ಕೊಟ್ಟು ಹತ್ತಿದವರು ಒಂದು ತುತ್ತು ಊಟಕ್ಕಾಗಿ ಸಾಲಿನಲ್ಲಿ ನಿಂತರು.

ಇಂಥ ಹಡಗನ್ನು ಎಲ್ಲಿಗೆ ಎಳೆದೊಯ್ಯಬೇಕು? ಮೊದಲು ಮೆಕ್ಸಿಕೊದ ಪ್ರೊಗ್ರೆಸೊ ಬಂದರಿಗೆ ಎಂದು ತೀರ್ಮಾನವಾಯಿತು. ಆಮೇಲೆ ತೀರ್ಮಾನ ಬದಲಾಗಿ ಹಡಗು ಅಮೆರಿಕದ ಅಲಬಾಮ ರಾಜ್ಯದ ಮೊಬೀಲ್ ಬಂದರಿನತ್ತ ಸಾಗಿತು. 14ರ ಗುರುವಾರ ರಾತ್ರಿ ಅಲ್ಲಿಗೆ ತಲುಪಿತು. ಕಡಲಿನ ಸೆಳೆತ ಹಡಗನ್ನು ಉತ್ತರಕ್ಕೆ ತಳ್ಳಿತ್ತು ಎಂಬುದು ಕಂಪನಿ ಕೊಟ್ಟ ಒಂದು ಕಾರಣ. ಇನ್ನೊಂದು ಕಾರಣವನ್ನೂ ಅದು ಹೇಳಿತು: ಪ್ರಯಾಣಿಕರಲ್ಲಿ ಸುಮಾರು 900 ಮಂದಿಯ ಬಳಿ ಪಾಸ್‌ಪೋರ್ಟ್ ಇರಲಿಲ್ಲ.

ಅವರು ಕಳ್ಳತನದಲ್ಲಿ ಹಡಗು ಹತ್ತಿದವರಲ್ಲ. ಅಮೆರಿಕದ ಒಂದು ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಇಂಥ ವಿಹಾರಯಾತ್ರೆಗೆ ಆ ದೇಶದ ಪ್ರಜೆಗಳು ಜನನ ಪ್ರಮಾಣಪತ್ರ ಮತ್ತು ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿಯನ್ನು ತೋರಿಸಿದರೆ ಸಾಕು ಎಂದು ಕಾನೂನೇ ರಿಯಾಯಿತಿ ಕೊಟ್ಟಿದೆ. ನಮ್ಮವರು ಮತದಾರರ ಗುರುತಿನ ಚೀಟಿಯನ್ನು ಹಿಡಿದು ನೇಪಾಳಕ್ಕೆ ಹೋಗಿಬರುವ ಹಾಗೆ ಎನ್ನಿ. ಆದರೆ ಹಡಗು ಕೆಟ್ಟು ಪ್ರಯಾಣಿಕರು ಪರದೇಶದಲ್ಲಿ ಇಳಿದು ವಿಮಾನದಲ್ಲಿ ಮರಳಬೇಕಾಗಿ ಬಂದರೆ? ಆಗ ಪಾಸ್‌ಪೋರ್ಟ್ ಬೇಕು. ಇಲ್ಲವಾದರೆ ರಾಯಭಾರ ಕಚೇರಿಯ ಮೂಲಕ ತುರ್ತು ಕಾಗದ ಪಡೆಯಲು ಕಾಯಬೇಕು. ಎಲ್ಲವೂ ಸರಿಯಾಗಿ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ ಕೊಟ್ಟ ರಿಯಾಯಿತಿ ಅದು. ಎಂಜಿನ್ ನಿಂತೊಡನೆ ಆ ನಂಬಿಕೆಯೂ ನಿಂತಿತು.

ಪ್ರಿಯ ಓದುಗರೇ, ಈ ಘಟನೆಯನ್ನು ಓದಿದಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿದೆ. ಆಪತ್ತಿನಲ್ಲಿರುವ ಮನುಷ್ಯನ ಮುಂದೆ ನಿಂತಾಗ ನಾವು ಮೊದಲು ಕೇಳಬೇಕಾದದ್ದು ಏನನ್ನು? ಅವನ ಕಾಗದವನ್ನೋ, ಅವನ ಕಷ್ಟವನ್ನೋ?

"ದೇವರು ಯಾರ ಪಾಸ್‌ಪೋರ್ಟನ್ನೂ ಕೇಳುವುದಿಲ್ಲ, ಆದ್ದರಿಂದ ಕಾಗದಕ್ಕೆ ಬೆಲೆಯೇ ಇಲ್ಲ" ಎಂದು ಪ್ರಬೋಧನೆಯಲ್ಲಿ ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ತಿ ಸತ್ಯವಲ್ಲ. ಗಲ್ಫ್ ದೇಶಗಳಲ್ಲಿ ಮನೆಗೆಲಸಕ್ಕೆ ಹೋಗಿ, ಮಾಲೀಕರು ಪಾಸ್‌ಪೋರ್ಟನ್ನು ಕಿತ್ತಿಟ್ಟುಕೊಂಡ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಆ ಸಣ್ಣ ಪುಸ್ತಕದ ಬೆಲೆ ಏನೆಂದು ಅವರು ಹೇಳುತ್ತಾರೆ. ಸಂತ ಪೌಲರೂ ತಮ್ಮ ರೋಮನ್ ಪೌರತ್ವವನ್ನು ತುಚ್ಛವೆಂದು ಎಣಿಸಲಿಲ್ಲ. ಜೆರುಸಲೇಮಿನಲ್ಲಿ ಸೈನಿಕರು ಅವರನ್ನು ಕೊರಡೆಯಿಂದ ಹೊಡೆಯಲು ಕಟ್ಟಿದಾಗ, ರೋಮನ್ ಪೌರನನ್ನು ವಿಚಾರಣೆಯಿಲ್ಲದೆ ಹೊಡೆಯುವುದು ನ್ಯಾಯವೇ ಎಂದು ಪೌಲರು ಕೇಳಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳ 22ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಒಂದು ಮಾತಿಗೆ ಕೊರಡೆ ಕೆಳಗಿಳಿಯಿತು.

ಹಾಗಾದರೆ ಗುರುತಿನ ಕಾಗದ ಎಂದರೇನು? ಅದೊಂದು ಸಾಕ್ಷಿ. "ಈತ ನಮ್ಮವನು, ಈತನ ಪರವಾಗಿ ನಾವು ನಿಲ್ಲುತ್ತೇವೆ" ಎಂದು ಒಂದು ದೇಶ ಇನ್ನೊಂದು ದೇಶಕ್ಕೆ ಹೇಳುವ ಮಾತು. ಸಾಕ್ಷಿ ಬೇಕಾದದ್ದೇ. ಆದರೆ ಸಾಕ್ಷಿ ಬೇರೆ, ಮನುಷ್ಯ ಬೇರೆ. ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಮೊದಲು ಕಲಿಸುತ್ತಿದ್ದ ಪಾಠ ಇದು: ಒಂದು ವಸ್ತುವಿನ ಸತ್ವ ಬೇರೆ, ಅದಕ್ಕೆ ಬಂದು ಸೇರುವ ಗುಣಗಳು ಬೇರೆ. ಪೌರತ್ವ, ವಿಳಾಸ, ಉದ್ಯೋಗ ಇವೆಲ್ಲ ಬರುತ್ತವೆ, ಹೋಗುತ್ತವೆ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ವ್ಯಕ್ತಿ ಮಾತ್ರ ಅವು ಬರುವ ಮೊದಲೂ ಇದ್ದ, ಹೋದ ಮೇಲೂ ಇರುತ್ತಾನೆ.

ಸಂತ ತೋಮಸ್ ಅಕ್ವಿನಾಸರು ಇನ್ನೊಂದು ಮಾತನ್ನು ಕಲಿಸಿದ್ದಾರೆ. ಕಾನೂನು ಮಾಡುವವರು ಸಾಮಾನ್ಯವಾಗಿ ನಡೆಯುವುದನ್ನು ಕಂಡು ಕಾನೂನು ಮಾಡುತ್ತಾರೆ. ಮನುಷ್ಯ ಜೀವನದ ಎಲ್ಲ ತಿರುವುಗಳನ್ನೂ ಅವರು ಮುಂಗಾಣಲಾರರು. ಇಟ್ಟುಕೊಂಡ ವಸ್ತುವನ್ನು ಒಡೆಯನಿಗೆ ಹಿಂದಿರುಗಿಸಬೇಕೆಂಬುದು ನ್ಯಾಯ. ಆದರೆ ಕತ್ತಿಯನ್ನು ಇಟ್ಟವನು ಹುಚ್ಚು ಕೆರಳಿದ ಹೊತ್ತಿನಲ್ಲಿ ಬಂದು ಅದನ್ನು ಕೇಳಿದರೆ ಕೊಡಬೇಕೇ? ಕೊಡಬಾರದು ಎನ್ನುತ್ತಾರೆ ಸಂತರು. ಅಲ್ಲಿ ಅಕ್ಷರವನ್ನು ಬಿಟ್ಟು ಕಾನೂನಿನ ಉದ್ದೇಶವನ್ನು ಹಿಡಿಯುವುದೇ ಸದ್ಗುಣ. ಸಬ್ಬತ್ತು ಇರುವುದು ಮನುಷ್ಯನಿಗಾಗಿ ಎಂದು ನಮ್ಮ ಪ್ರಭುವೂ ಬೋಧಿಸಿದರಲ್ಲವೇ?

ಈಗ ಇನ್ನೊಂದು ಕಡಲಿನ ಕಥೆ ಕೇಳಿ. 2001ರ ಆಗಸ್ಟ್ ತಿಂಗಳು. ಇಂಡೊನೇಷ್ಯಾದಿಂದ ಹೊರಟ ಒಂದು ಮರದ ಮೀನುಗಾರಿಕಾ ದೋಣಿಯ ಎಂಜಿನ್ ಹಿಂದೂ ಮಹಾಸಾಗರದಲ್ಲಿ ಕೆಟ್ಟುಹೋಯಿತು. ಅದರಲ್ಲಿ ನಾನೂರಕ್ಕೂ ಹೆಚ್ಚು ಮಂದಿ. ಬಹುಪಾಲು ಅಫ್ಘಾನಿಸ್ತಾನದಿಂದ ಓಡಿಬಂದವರು, ಮಕ್ಕಳೂ ಗರ್ಭಿಣಿಯರೂ ಇದ್ದರು. 26ರಂದು ಟಾಂಪಾ ಎಂಬ ನಾರ್ವೆ ದೇಶದ ಸರಕು ಹಡಗು ಅವರನ್ನು ಮೇಲೆತ್ತಿಕೊಂಡಿತು. ಆಪತ್ತಿನಲ್ಲಿರುವವರನ್ನು ದೇಶ, ಸ್ಥಾನಮಾನ ನೋಡದೆ ರಕ್ಷಿಸಬೇಕೆಂಬುದು ಕಡಲಿನ ಅಂತರರಾಷ್ಟ್ರೀಯ ನಿಯಮ. ಕಪ್ತಾನರು ಅದನ್ನೇ ಮಾಡಿದರು. ಆದರೆ ಆಸ್ಟ್ರೇಲಿಯಾ ಸರ್ಕಾರ ಆ ಜನರನ್ನು ತನ್ನ ಕ್ರಿಸ್‌ಮಸ್ ದ್ವೀಪದಲ್ಲಿ ಇಳಿಸಲು ಬಿಡಲಿಲ್ಲ. ಸೈನಿಕರು ಹಡಗನ್ನು ಹತ್ತಿದರು. ಕೊನೆಗೆ ಕೆಲವರನ್ನು ನ್ಯೂಜಿಲೆಂಡಿಗೆ, ಉಳಿದವರನ್ನು ನೌರು ಎಂಬ ಪುಟ್ಟ ದ್ವೀಪಕ್ಕೆ ಸಾಗಿಸಲಾಯಿತು. ಕ್ರಿಸ್‌ಮಸ್ ಎಂಬ ಹೆಸರಿನ ದ್ವೀಪದಲ್ಲಿ ಅವರಿಗೆ ಸ್ಥಳವಿರಲಿಲ್ಲ.

ಎರಡು ಘಟನೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಎರಡರಲ್ಲೂ ಎಂಜಿನ್ ಕೆಟ್ಟಿತು. ಎರಡರಲ್ಲೂ ಸರಿಯಾದ ಕಾಗದವಿಲ್ಲದ ನೂರಾರು ಜನ. ಒಂದರಲ್ಲಿ, ಕಾಗದವಿಲ್ಲ ಎಂಬ ಕಾರಣದಿಂದಲೂ ಹಡಗನ್ನು ಅವರ ಸ್ವದೇಶಕ್ಕೇ ಎಳೆದು ತಂದರು. ಇನ್ನೊಂದರಲ್ಲಿ, ದಡ ಕಣ್ಣಿಗೆ ಬಿದ್ದ ಮೇಲೆ ದೂರ ಕಳುಹಿಸಿದರು. ವ್ಯತ್ಯಾಸ ಎಲ್ಲಿದೆ? ಮೊದಲನೆಯವರ ಹಿಂದೆ "ಇವರು ನಮ್ಮವರು" ಎನ್ನುವ ಒಂದು ದೇಶ ನಿಂತಿತ್ತು. ಎರಡನೆಯವರ ಹಿಂದೆ ಹಾಗೆನ್ನುವವರು ಯಾರೂ ಇರಲಿಲ್ಲ. ಮನುಷ್ಯನನ್ನು ದಡ ಸೇರಿಸುವುದು ಕಾಗದವೆಂದು ನಾವು ತಿಳಿಯುತ್ತೇವೆ. ಆದರೆ ಕಾಗದದ ಹಿಂದೆ ನಿಲ್ಲುವ ಆ ಒಂದು ಮಾತೇ ಅವನನ್ನು ದಡ ಸೇರಿಸುತ್ತದೆ.

ತನ್ನ ಗಡಿಯನ್ನು ಕಾಯುವ ಹಕ್ಕು ಪ್ರತಿಯೊಂದು ದೇಶಕ್ಕೂ ಉಂಟು. ಧರ್ಮಸಭೆ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಜಗದ್ಗುರು 23ನೇ ಜಾನ್ 1963ರ ತಮ್ಮ ವಿಶ್ವಪತ್ರ 'ಪಾಚೆಮ್ ಇನ್ ತೆರ್ರಿಸ್'ನಲ್ಲಿ, ಒಂದು ದೇಶದ ಪ್ರಜೆಯಾಗಿರುವ ಕಾರಣಕ್ಕೆ ಯಾರೂ ಮಾನವ ಕುಟುಂಬದ ಸದಸ್ಯತ್ವವನ್ನು ಕಳೆದುಕೊಳ್ಳುವುದಿಲ್ಲವೆಂದು ಕಲಿಸಿದರು. ಯಾರೂ ಇಲ್ಲದವರ ಪರವಾಗಿ "ಇವರು ನಮ್ಮವರು" ಎನ್ನಬೇಕಾದವರು ಯಾರು? ಆ ಕುಟುಂಬದಲ್ಲಿ ದೇವರನ್ನು ತಂದೆ ಎಂದು ಕರೆಯುವ ನಾವೇ.

ಕಾಗದವೂ ದಯೆಯ ಸಾಧನವಾಗಬಲ್ಲದು. 1922ರಲ್ಲಿ ರಾಷ್ಟ್ರಸಂಘದ ಪರವಾಗಿ ನಿರಾಶ್ರಿತರ ಹೊಣೆ ಹೊತ್ತಿದ್ದ ನಾರ್ವೆಯ ಫ್ರಿಡ್‌ಟ್‌ಜೋಫ್ ನಾನ್ಸೆನ್, ದೇಶವನ್ನೇ ಕಳೆದುಕೊಂಡ ರಷ್ಯನ್ ನಿರಾಶ್ರಿತರಿಗೆ ಒಂದು ಪ್ರಯಾಣಪತ್ರ ದೊರೆಯುವಂತೆ ಮಾಡಿದರು. ಜನ ಅದನ್ನು 'ನಾನ್ಸೆನ್ ಪಾಸ್‌ಪೋರ್ಟ್' ಎಂದೇ ಕರೆದರು. ಅವರ ಹೆಸರಿನಲ್ಲಿ ಕೊಡುವ ನಿರಾಶ್ರಿತರ ಸೇವೆಯ ಪ್ರಶಸ್ತಿ 2002ರಲ್ಲಿ ಟಾಂಪಾ ಹಡಗಿನ ಕಪ್ತಾನರಿಗೆ, ಸಿಬ್ಬಂದಿಗೆ ಹಾಗೂ ಅದರ ಮಾಲೀಕ ಸಂಸ್ಥೆಗೆ ಸಂದಿತು.

ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಎರಡು ಅಧ್ಯಾಯಗಳನ್ನು ಈ ವಾರ ಮನೆಮಂದಿಯೆಲ್ಲ ಕುಳಿತು ಓದಿ. ಪೌಲರಿದ್ದ ಹಡಗಿನಲ್ಲಿ 276 ಮಂದಿ. ಹದಿನಾಲ್ಕು ರಾತ್ರಿ ಬಿರುಗಾಳಿಗೆ ಸಿಕ್ಕಿ ತೇಲಿದ ಮೇಲೆ ಹಡಗು ಮಾಲ್ಟಾ ದ್ವೀಪದ ಬಳಿ ಒಡೆಯಿತು. ಈಜಿ, ಹಲಗೆಗಳನ್ನು ಹಿಡಿದು ದಡ ಸೇರಿದವರಲ್ಲಿ ಸೈನಿಕರಿದ್ದರು, ಕೈದಿಗಳಿದ್ದರು. ಯಾರು ಯಾವ ಊರಿನವರೆಂದು ದ್ವೀಪದ ಜನರಿಗೆ ಗೊತ್ತಿರಲಿಲ್ಲ. ಮಳೆ ಸುರಿಯುತ್ತಿತ್ತು, ಚಳಿಯಿತ್ತು. ಅವರು ಮೊದಲು ಮಾಡಿದ್ದು ಬೆಂಕಿ ಹೊತ್ತಿಸಿ ಎಲ್ಲರನ್ನೂ ಹತ್ತಿರ ಕರೆದದ್ದು. ಪೌಲರ ಕೈಗೆ ಹಾವು ಸುತ್ತಿಕೊಂಡಾಗ "ಇವನು ಕೊಲೆಗಾರನಿರಬೇಕು" ಎಂಬ ಸಂಶಯ ಅವರಿಗೆ ಬಂದದ್ದು ಆಮೇಲೆ. ಸಂಶಯ ಬರುವುದು ಮನುಷ್ಯ ಸಹಜ. ಅಷ್ಟು ಹೊತ್ತಿಗೆ ಬೆಂಕಿಯಂತೂ ಉರಿಯುತ್ತಿತ್ತು.

ಇದನ್ನೆಲ್ಲ ಬರೆಯುವ ನಾನೂ ಕಾಗದ ಕೇಳುವ ಮೇಜಿನ ಹಿಂದೆ ಕುಳಿತವನೇ. ಜ್ಞಾನಸ್ನಾನದ ಪ್ರಮಾಣಪತ್ರ, ವಿವಾಹಕ್ಕೆ ಒಪ್ಪಿಗೆಯ ಪತ್ರ, ಎಲ್ಲದಕ್ಕೂ ನನ್ನ ಸಹಿ ಬೇಕು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ಮಧ್ಯಾಹ್ನ, ಹೊರರಾಜ್ಯದಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬ ಕಚೇರಿಯ ಬಾಗಿಲಲ್ಲಿ ನಿಂತ. ತಂದೆ ಶೆಡ್ಡಿನಲ್ಲೇ ತೀರಿಕೊಂಡಿದ್ದಾರೆ, ನಮ್ಮ ಸಮಾಧಿ ಭೂಮಿಯಲ್ಲಿ ಸ್ಥಳ ಬೇಕು ಎಂದ. ನಿಮ್ಮ ಧರ್ಮಕೇಂದ್ರದ ಪತ್ರ ಎಲ್ಲಿ ಎಂದು ಕೇಳಿದೆ. ಇರಲಿಲ್ಲ. ಊರಿನ ಗುರುಗಳಿಂದ ತರಿಸು ಎಂದು ಹೇಳಿ ಕಳುಹಿಸಿದೆ. ಪತ್ರ ರಾತ್ರಿ ಅವನ ಫೋನಿಗೆ ಬಂತು. ಮರುದಿನ ಬೆಳಿಗ್ಗೆ ಸಮಾಧಿ ಮಾಡಿದೆವು. ನಾನು ನಿಯಮವನ್ನು ಮುರಿದಿರಲಿಲ್ಲ. ಆದರೆ ಹಿಂದಿರುಗುವಾಗ ನಮ್ಮ ವಯಸ್ಸಾದ ಉಪದೇಶಿಯವರು ಮೆಲ್ಲನೆ ಹೇಳಿದರು: "ಸ್ವಾಮಿ, ಕಾಗದ ಬರುವಾಗ ಬರಲಿ, ನಿನ್ನೆ ಸಂಜೆ ನಾವು ಹೋಗಿ ಶವದ ಹತ್ತಿರ ಒಂದು ಜಪಸರ ಮಾಡಬಹುದಿತ್ತು."

ನನ್ನ ಬಳಿ ಉತ್ತರವಿರಲಿಲ್ಲ. ಪತ್ರ ಕೇಳಿದ್ದು ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಅದನ್ನು ಕೇಳಿ ಕುರ್ಚಿಯಲ್ಲೇ ಕುಳಿತದ್ದು ತಪ್ಪು. ಆ ರಾತ್ರಿ ಸೋರುವ ತಗಡಿನ ಕೆಳಗೆ ತಂದೆಯ ಶವದ ಮುಂದೆ ಕುಳಿತಿದ್ದ ಮಗನಿಗೆ "ನೀನು ನಮ್ಮವನು" ಎಂದು ಹೇಳಲು ನನಗೆ ಯಾವ ಪತ್ರವೂ ಬೇಕಿರಲಿಲ್ಲ.

ಕುಟುಂಬಗಳಿಗೆ ಎರಡು ಮಾತು. ವಿವೇಕವೂ ಒಂದು ಸದ್ಗುಣ. ಬೇಡವೆಂದು ನಿಯಮ ಹೇಳಿದರೂ, ಗಡಿ ದಾಟುವಾಗ ಪಾಸ್‌ಪೋರ್ಟ್ ಇದ್ದವರು ಅದನ್ನು ಜೊತೆಗಿಟ್ಟುಕೊಳ್ಳಿ. ಅದರ ಪ್ರತಿಯೊಂದನ್ನು ಮನೆಯಲ್ಲಿ ಬಿಟ್ಟು ಹೋಗಿ. ಪರದೇಶದಲ್ಲಿ ಅದು ಕಳೆದುಹೋದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ, ಸ್ವದೇಶಕ್ಕೆ ಒಮ್ಮೆ ಮರಳಲು ಸಾಕಾಗುವ ತುರ್ತು ಪ್ರಮಾಣಪತ್ರವನ್ನು ಕೊಡುತ್ತದೆ ಎಂಬುದು ತಿಳಿದಿರಲಿ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಮಕ್ಕಳು ಹಡಗಿನಲ್ಲಿ ದುಡಿಯುವ ಮನೆಗಳು ಕಡಿಮೆಯೇನಲ್ಲ. 1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಆರಂಭವಾದ ಧರ್ಮಸಭೆಯ 'ಸ್ತೆಲ್ಲಾ ಮಾರಿಸ್' ಸೇವೆ ಇಂದು ಜಗತ್ತಿನ ಅನೇಕ ಬಂದರುಗಳಲ್ಲಿ ನಾವಿಕರನ್ನು ಕಂಡು ವಿಚಾರಿಸುತ್ತದೆ. ನಿಮ್ಮ ಮಕ್ಕಳಿಗೆ ಅದರ ಹೆಸರನ್ನು ಹೇಳಿಕೊಡಿ.

ಎರಡನೆಯ ಮಾತು: ನಿಮ್ಮ ಬೀದಿಯಲ್ಲಿ, ನಿಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ, ಯಾರಿಗೂ ಸೇರದವರಂತೆ ನಿಂತಿರುವವರು ಯಾರಾದರೂ ಇದ್ದಾರೆಯೇ ನೋಡಿ. ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರ ಹೆಸರನ್ನು ಕೇಳಿ, ಮನೆಗೆ ಕರೆಯಿರಿ. ಅಂತಿಮ ತೀರ್ಪಿನ ದಿನ ಪ್ರಭು ಏನನ್ನು ಕೇಳುವರೆಂಬುದನ್ನು ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯ ನಮಗೆ ಮುಂಚಿತವಾಗಿಯೇ ತಿಳಿಸಿದೆ. ಅಪರಿಚಿತರಾಗಿ ಬಂದವರನ್ನು ನಾವು ಬರಮಾಡಿಕೊಂಡೆವೋ ಇಲ್ಲವೋ ಎಂಬುದು ಆ ಪ್ರಶ್ನೆಗಳಲ್ಲಿ ಒಂದು. ಅಂದು ನಾವೆಲ್ಲರೂ ಬರಿಗೈಯಲ್ಲಿ ನಿಂತಿರುತ್ತೇವೆ. "ಇವರು ನನ್ನವರು" ಎಂದು ಪ್ರಭು ನಮ್ಮ ಪರವಾಗಿ ಹೇಳಲಿ ಎಂಬುದೇ ನಮ್ಮ ಆಸೆಯಲ್ಲವೇ? ಆ ಮಾತನ್ನು ಇಂದು ಇನ್ನೊಬ್ಬರಿಗಾಗಿ ಹೇಳಲು ಕಲಿಯೋಣ.